ದಾರ್ಸೈಟಿನ ಕೈಗುಣ

ಚಂದನ್ ಡಾಕ್ಟರಾಗುವುದಕ್ಕೆ ಇನ್ನೂ ಬೇಕಾದಷ್ಟು ವರ್ಷ ಬಾಕಿ ಇತ್ತು. ಆದರೆ ಅವನ ಕೋಟು ಆಗಲೇ ಡಾಕ್ಟರಾಗಿಬಿಟ್ಟಿತ್ತು.

ಇದು ಅವನ ಅಜ್ಜಿ ಸುಶೀಲಮ್ಮನವರ ಕೆಲಸ. ಮೈಸೂರಿನಿಂದ ವಿಸಿಟ್ ವೀಸಾದ ಮೇಲೆ ಮಸ್ಕತ್ತಿಗೆ ಬಂದ ಅವರು, ಮೊಮ್ಮಗ ಪ್ರೀ-ಮೆಡಿಕಲ್ ಮೊದಲ ವರ್ಷಕ್ಕೆ ಸೇರಿದ್ದಾನೆ ಎಂಬ ಸುದ್ದಿಯಲ್ಲಿ 'ಪ್ರೀ' ಎನ್ನುವುದನ್ನು ವಿಮಾನದಲ್ಲೇ ಬಿಟ್ಟು ಇಳಿದಿದ್ದರು. ರೂವಿಯ ದರ್ಜಿಯ ಹತ್ತಿರ ಬಿಳಿ ಕೋಟು ಹೊಲಿಸಿ, ಜೇಬಿನ ಮೇಲೆ ಹಸಿರು ದಾರದಲ್ಲಿ 'ಡಾ. ಚಂದನ್ ಗೋಪಾಲಕೃಷ್ಣ' ಎಂದು ಹಾಕಿಸಿದರು.

"ಅಜ್ಜಿ, ನಾನಿನ್ನೂ ಡಾಕ್ಟರ್ ಅಲ್ಲ. ದಿಸ್ ಈಸ್ ಚೀಟಿಂಗ್," ಎಂದ ಚಂದನ್.

"ಹೇಗೂ ಆಗ್ತೀಯಲ್ಲೋ. ಆಮೇಲೆ ಈ ಬಿಸಿಲಲ್ಲಿ ಮತ್ತೆ ಆ ದರ್ಜಿ ಹತ್ರ ಯಾರು ಹೋಗೋದು?"

ಚಂದನನ ಅಪ್ಪ ಗೋಪಾಲಕೃಷ್ಣ ಬೌಷರಿನ ಒಂದು ಕಂಪನಿಯಲ್ಲಿ ಆಡಿಟರ್. ಅನುಮಾನ ಪಡುವುದಕ್ಕೇ ಅವರಿಗೆ ಸಂಬಳ. ಮಗನ ವಿಷಯದಲ್ಲಿ ಅವರು ಅದನ್ನು ಸಂಬಳವಿಲ್ಲದೆಯೂ ಮಾಡುತ್ತಿದ್ದರು. ಕಾರಣವಿತ್ತು. ಆ ಮನೆಯಲ್ಲಿ ಚಂದನನ ಕೈಯಿಂದ ಜಾರಿ ಬೀಳದ ವಸ್ತು ಎಂದರೆ ಗೋಡೆಗಳು ಮಾತ್ರ. ಬಾಟಲಿಯ ಮುಚ್ಚಳ ಅವನು ತೆಗೆಯುತ್ತಿದ್ದ ದಿಕ್ಕು ಯಾವಾಗಲೂ ಮುಚ್ಚುವ ದಿಕ್ಕೇ ಆಗಿರುತ್ತಿತ್ತು.

"ಇವನ ಕೈಗೆ ಸ್ಟೀಲ್ ಲೋಟ ಕೊಡೋಕೇ ನಂಗೆ ಧೈರ್ಯ ಇಲ್ಲ. ಜನ ತೋಳು ಕೊಡ್ತಾರಾ?" ಎಂದರು ಗೋಪಾಲಕೃಷ್ಣ.

ಜನ ಕೊಟ್ಟರು. ಅದೇ ಈ ಕಥೆ.

ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ಅಲ್ಲಿನ ಕನ್ನಡ ಸಂಘದವರು ಶುಕ್ರವಾರ ಬೆಳಿಗ್ಗೆ ಉಚಿತ ಚಿಕಿತ್ಸಾಲಯ ನಡೆಸುತ್ತಾರೆ. ಬೆಳಿಗ್ಗೆ ಬಾಗಿಲು ತೆರೆದರೆ ಮಧ್ಯಾಹ್ನದ ನಮಾಜಿನೊಳಗೆ ಎಲ್ಲರನ್ನೂ ನೋಡಿ ಮುಗಿಸಬೇಕು. ಕಟ್ಟಡಕ್ಕೆ ಲಿಫ್ಟ್ ಇದೆ. ಅದರ ಮೇಲೆ 'ರಿಪೇರಿಯಲ್ಲಿದೆ' ಎಂಬ ಫಲಕವೂ ಇದೆ. ಫಲಕ ಹಳತಾದಾಗ ಹೊಸದು ಹಾಕುತ್ತಾರೆ. ಹೀಗಾಗಿ ಬರುವ ರೋಗಿಗಳೆಲ್ಲ ಟ್ಯಾಕ್ಸಿಯವನ ಹತ್ತಿರ ಜಗಳ ಮುಗಿಸಿ, ಮೂಲೆಯ ಕೆಫೆಟೀರಿಯಾದಲ್ಲಿ ಒಂದು ಸುಲೈಮಾನಿ ಚಹಾ ಕುಡಿದು, ಮೂರು ಮಹಡಿ ಹತ್ತಿ, ಕೆಂಡದಂಥ ಮುಖ ಹೊತ್ತು ಬರುತ್ತಾರೆ.

ಅಲ್ಲಿಗೆ ಡಾಕ್ಟರು ಪ್ರೇರಣಾ. ಮಸ್ಕತ್ತಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ವೈದ್ಯೆ, ರಜೆಯ ದಿನ ಇಲ್ಲಿ ಪುಕ್ಕಟೆ. ನಗುವುದು ಅವರಿಗೆ ಬರುತ್ತಿತ್ತು, ಆದರೆ ಶುಕ್ರವಾರ ಬರುತ್ತಿರಲಿಲ್ಲ. ಅವರ ಕೆಳಗೆ ಸಿಸ್ಟರ್ ಜೋಸ್ಲಿನ್. ಕಿನ್ನಿಗೋಳಿ ಕಡೆಯವರು, ಮಸ್ಕತ್ತಿನ ಆಸ್ಪತ್ರೆಗಳಲ್ಲೇ ಕೂದಲು ಬೆಳ್ಳಗಾದವರು. ಚಂದನ್ ಸ್ವಯಂಸೇವಕನಾಗಿ ಬಂದ ಮೊದಲ ಶುಕ್ರವಾರ ಜೋಸ್ಲಿನ್ ಅವನ ಕೋಟಿನ ಜೇಬು ಓದಿದರು, ಆಮೇಲೆ ಅವನ ಮುಖ ಓದಿದರು, ಆಮೇಲೆ ಬಿಳಿ ಪ್ಲಾಸ್ಟರಿನ ಒಂದು ತುಂಡು ಕತ್ತರಿಸಿ 'ಡಾ.' ಮೇಲೆ ಅಂಟಿಸಿದರು.

"ಇದ್ಯಾಕೆ ಸಿಸ್ಟರ್?"

"ಗಾಯಕ್ಕೆ," ಎಂದರು ಜೋಸ್ಲಿನ್.

ಪ್ಲಾಸ್ಟರಿನಿಂದ ಆದ ಉಪಕಾರ ಇಷ್ಟೇ. ಅಲ್ಲಿಯವರೆಗೆ ಯಾರೂ ನೋಡದಿದ್ದ ಜೇಬನ್ನು ಎಲ್ಲರೂ ನೋಡತೊಡಗಿದರು.

ರಕ್ತದ ಒತ್ತಡ ನೋಡುವುದಕ್ಕೆ ಅಲ್ಲಿ ಎರಡು ಮೇಜು. ಒಂದು ಜೋಸ್ಲಿನ್‌ದು. ಮೆಟ್ಟಿಲು ಹತ್ತಿ ಬಂದವನ ತೋಳು ಹಿಡಿದು, ಪಟ್ಟಿ ಸುತ್ತಿ, ರಬ್ಬರ್ ಉಂಡೆ ಹಿಸುಕಿ, ಅಂಕಿ ಹೇಳಿ ಅವರು ಎಬ್ಬಿಸುವಷ್ಟರಲ್ಲಿ, ಆ ಮನುಷ್ಯನಿಗೆ ತಾನು ಕೂತದ್ದೇ ಗೊತ್ತಾಗುತ್ತಿರಲಿಲ್ಲ. ಎರಡನೇ ಮೇಜಿಗೆ ಚಂದನನನ್ನು ಕೂರಿಸಿದರು.

ಅವನ ಪಾಲಿಗೆ ಮೊದಲು ಬಂದ ತೋಳು ಶರ್ಫುದ್ದೀನನದು. ಉಪ್ಪಿನಂಗಡಿ ಕಡೆಯ ಬ್ಯಾರಿ ಸಾಹುಕಾರ, ರೂವಿಯಲ್ಲಿ ದಿನಸಿ ಅಂಗಡಿ. ಜೋಸ್ಲಿನ್ ಮೇಜಿನಲ್ಲಿ ಅವನ ಒತ್ತಡ ಯಾವ ಶುಕ್ರವಾರವೂ ನೂರ ಅರವತ್ತರ ಕೆಳಗೆ ಇಳಿದದ್ದಿಲ್ಲ.

"ಗುಳಿಗೆ ತಕ್ಕೊಳ್ತೀರಾ ನೀವು?" ಎಂದು ಜೋಸ್ಲಿನ್ ಅಂದೂ ಕೇಳಿದರು.

"ದಿನಾ ತಕ್ಕೊಳ್ತೇನೆ ಸಿಸ್ಟರೇ. ನಿಮ್ಮ ಮೋರೆ ನೋಡಿದ ಕೂಡ್ಲೇ ಅದು ಏರುದು."

"ಹಾಗಾದ್ರೆ ಅಲ್ಲಿ ಹೋಗಿ, ಆ ಹುಡುಗನ ಮೋರೆ ನೋಡಿ. ಇನ್ನೊಮ್ಮೆ ತೆಗೀಲಿ."

ಶರ್ಫುದ್ದೀನ್ ಹೋಗಿ ಕೂತ. ಚಂದನ್ ಪಟ್ಟಿ ಸುತ್ತಿದ. ನಳಿಗೆ ಮೊಣಕೈ ಕಡೆ ಇರಬೇಕಾದದ್ದು ಕಂಕುಳ ಕಡೆಗಿತ್ತು. ಚರ್ರೆಂದು ಕಿತ್ತ. "ಸಾರಿ ಅಂಕಲ್." ತಿರುಗಿಸಿ ಸುತ್ತಿದ. ಉಂಡೆ ಹಿಸುಕಿದ, ಹಿಸುಕಿದ, ಬಸ್ಸಿನ ಹಳೇ ಹಾರನ್ನಿನ ಹಾಗೆ ಹಿಸುಕಿದ. ಮುಳ್ಳು ಅಲುಗಲಿಲ್ಲ. ಗಾಳಿ ಬಿಡುವ ತಿರುಪು ತೆರೆದೇ ಇತ್ತು. ಅದನ್ನು ಬಿಗಿ ಮಾಡಿದ. "ಒನ್ ಮಿನಿಟ್ ಅಂಕಲ್." ಈಗ ಮುಳ್ಳು ಏರಿತು, ಇಳಿಯಿತು, ಸದ್ದೇ ಕೇಳಲಿಲ್ಲ. ಸ್ಟೆತಾಸ್ಕೋಪು ಅವನ ಕುತ್ತಿಗೆಯಲ್ಲಿ ಹಾರದ ಹಾಗೆ ನೇತಾಡುತ್ತಿತ್ತು. ಅದನ್ನು ಕಿವಿಗೆ ಹಾಕಿಕೊಂಡ. ಇನ್ನೊಮ್ಮೆ ಹಿಸುಕಿದ. ಈ ಸಲ ಸದ್ದು ಎಷ್ಟು ಚೆನ್ನಾಗಿ ಕೇಳಿತೆಂದರೆ, ಆ ಸಂತೋಷದಲ್ಲಿ ಅಂಕಿ ನೋಡುವುದು ಮರೆತುಹೋಯಿತು.

"ಸಾರಿ ಅಂಕಲ್. ಲಾಸ್ಟ್ ಟೈಮ್."

"ನಿಧಾನ ಮಾಡು ಮಗಾ, ಎಂತ ಅವಸರ ಇಲ್ಲ," ಎಂದ ಶರ್ಫುದ್ದೀನ್. ಅಂಗಡಿಯಲ್ಲಿ ಒಂದು ಕ್ಷಣ ಕೂರಲು ಸಿಗದ ಮನುಷ್ಯ, ಏಸಿಯ ಕೆಳಗೆ ಕಾಲು ಚಾಚಿ, ಹುಡುಗನ ಪೇಚಾಟ ನೋಡುತ್ತ ಹಾಯಾಗಿ ಕೂತಿದ್ದ. ಒಂದೆರಡು ಸಲ ಕಣ್ಣೂ ಮುಚ್ಚಿತು.

"ನೂರ ಇಪ್ಪತ್ತೆಂಟು," ಎಂದ ಚಂದನ್ ಕೊನೆಗೆ.

ಶರ್ಫುದ್ದೀನ್ ಎದ್ದು ನಿಂತ. ತನ್ನ ತೋಳನ್ನು ನೋಡಿದ. ಚಂದನನ ಬೆರಳುಗಳನ್ನು ನೋಡಿದ. ಪ್ಲಾಸ್ಟರನ್ನು ನೋಡಿದ. "ಸಿಸ್ಟರೇ," ಎಂದು ಇಡೀ ಹಾಲಿಗೆ ಕೇಳುವ ಹಾಗೆ ಹೇಳಿದ, "ನಿಮ್ಮದು ಬರೀ ಮಿಷನ್. ಈ ಹುಡುಗನದ್ದು ಕೈಗುಣ."

ಕೈಗುಣ ಎಂದರೇನೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಔಷಧಿ ಯಾವುದಾದರೂ ಇರಲಿ, ಕೊಡುವ ಕೈ ಸರಿಯಿದ್ದರೆ ರೋಗ ತಾನಾಗಿ ಎದ್ದು ಹೋಗುತ್ತದೆ ಎಂದು ನಂಬಿದ ಜನ ನಾವು. ಸಮುದ್ರ ದಾಟಿ ಒಮಾನಿಗೆ ಬರುವಾಗ ಉಪ್ಪಿನಕಾಯಿ, ಹಪ್ಪಳಗಳ ಜೊತೆ ಈ ನಂಬಿಕೆಯನ್ನೂ ತಂದಿದ್ದೇವೆ. ಕಸ್ಟಮ್ಸಿನವರು ತೆಗೆದು ನೋಡಲಾಗದ ಸಾಮಾನು ಅದೊಂದೇ.

ಶರ್ಫುದ್ದೀನನ ಅಂಗಡಿಯಲ್ಲಿ ಆ ವಾರ ಈರುಳ್ಳಿ ಕೊಂಡವರಿಗೆಲ್ಲ ಚಂದನನ ಕೈಗುಣ ಪುಕ್ಕಟೆ ಸಿಕ್ಕಿತು. ಎರಡನೇ ಶುಕ್ರವಾರ ಜೋಸ್ಲಿನ್ ಮೇಜಿನ ಮುಂದೆ ನೊಣವೂ ಇರಲಿಲ್ಲ. ಚಂದನನ ಸಾಲು ಹಾಲು ದಾಟಿ, ಬಾಗಿಲು ದಾಟಿ, ಮೆಟ್ಟಿಲಿಳಿದು, ಕೆಟ್ಟ ಲಿಫ್ಟಿನ ಮುಂದೆ ನಿಂತಿತ್ತು. ಇಷ್ಟು ಜನರನ್ನು ನೋಡಿ ಹುಡುಗನ ಕೈ ಇನ್ನಷ್ಟು ನಡುಗಿತು. ಪಟ್ಟಿ ಇನ್ನೂ ಹೆಚ್ಚು ಸಲ ತಲೆಕೆಳಗಾಯಿತು. ಕೂತವರು ತೂಕಡಿಸಿದರು. ಅಂಕಿಗಳು ಸಾಲಾಗಿ ಇಳಿದವು.

ಕಟ್ಟಡದ ಮಾಲೀಕ, ವಯಸ್ಸಾದ ಒಮಾನಿ ಅರ್ಬಾಬ್, ಮೆಟ್ಟಿಲಲ್ಲಿ ಇಷ್ಟು ಜನ ಯಾಕೆಂದು ಕೇಳಲು ಕೋಲು ಕುಟ್ಟುತ್ತ ಮೇಲೆ ಬಂದರು.

"ಕ್ಯಾ ಹೈ ಯೇ? ಇತನಾ ನಫರ್ ಕಾಯ್ಕೋ?"

ಸಂಘದ ಅಧ್ಯಕ್ಷ ಬಾದುಶಾ ಹಾಜಿ, ಅತ್ತರಿನ ವ್ಯಾಪಾರಿ, ಓಡಿಬಂದು ಅವರನ್ನು ಕೈಹಿಡಿದು ಚಂದನನ ಮುಂದೆ ಕೂರಿಸಿದರು. ಚಂದನ್ ಗಾಬರಿಯಲ್ಲಿ ಪಟ್ಟಿಯನ್ನು ಮೊದಲು ತನ್ನ ತೋಳಿಗೇ ಸುತ್ತಿಕೊಂಡ. ಅದು ಬಿಚ್ಚಿ, ಇದು ಕಟ್ಟಿ, ತಿರುಪು ಹುಡುಕಿ, ಉಂಡೆ ಬೀಳಿಸಿ, ಮೇಜಿನ ಕೆಳಗೆ ಹೋಗಿ ಅದನ್ನು ಹಿಡಿದು ತರುವಷ್ಟರಲ್ಲಿ ಅರ್ಬಾಬರು ಗೊರಕೆ ಹೊಡೆಯುತ್ತಿದ್ದರು. ಎದ್ದಾಗ ನೂರ ಇಪ್ಪತ್ತಾರು.

"ಮಾಶಾಅಲ್ಲಾ," ಎಂದರು ಅವರು. "ಯೇ ವಲದ್ ಬಹುತ್ ಅಚ್ಛಾ. ಖಲಾಸ್, ಸಬ್ ಆನೇ ದೋ." ಹುಡುಗ ಬಹಳ ಒಳ್ಳೆಯವನು, ಎಲ್ಲರೂ ಬರಲಿ ಎಂದು ಅಪ್ಪಣೆ ಕೊಟ್ಟು, ಲಿಫ್ಟಿನ ಬಗ್ಗೆ ಏನೂ ಹೇಳದೆ, ಬಂದ ದಾರಿಯಲ್ಲೇ ಇಳಿದು ಹೋದರು.

ಒಮಾನಿಗಳೇ ಒಪ್ಪಿದ ಮೇಲೆ ನಮ್ಮವರು ಸುಮ್ಮನಿರುತ್ತಾರೆಯೇ? ಮನೆಗೆ ಫೋನುಗಳು ಬರತೊಡಗಿದವು. ಎದುರು ಫ್ಲಾಟಿನವರು ಡ್ರೈವಿಂಗ್ ಟೆಸ್ಟಿಗೆ ಹೋಗುವ ಮುಂಚೆ ಚಂದನನ ಕೈಕುಲುಕಿ ಹೋದರು, ಪಾಸಾಗಿ ಬಂದರು. ಕೆಳಗಿನ ಮನೆಯವರು ತಣ್ಣಗಾಗದ ಏಸಿಯ ಮೇಲೆ ಒಂದು ಸಲ ಕೈ ಇಡು ಎಂದರು. ಇಟ್ಟ. ಏಸಿ ಪೂರ್ತಿ ನಿಂತೇಹೋಯಿತು. "ಪಾಪ, ಅದರ ಆಯುಸ್ಸು ಮುಗಿದಿತ್ತು, ನೆಮ್ಮದಿಯಾಗಿ ಹೋಯ್ತು," ಎಂದು ಅದಕ್ಕೂ ಅವರೇ ಸಮಾಧಾನ ಹೇಳಿಕೊಂಡರು.

ಸುಶೀಲಮ್ಮನವರಿಗೆ ಇದರಲ್ಲಿ ಆಶ್ಚರ್ಯವೇ ಇರಲಿಲ್ಲ. "ನಮ್ಮ ತಾತ ಬರೀ ಕೈಯಲ್ಲಿ ಸವರಿ ಚೇಳಿನ ವಿಷ ಇಳಿಸ್ತಿದ್ರು. ಬಿಪಿ ಏನು ಮಹಾ, ಅದಕ್ಕೆ ಕೊಂಡಿ ಕೂಡ ಇಲ್ಲ," ಎಂದು ಫೋನಿನಲ್ಲಿ ಎಲ್ಲರಿಗೂ ಹೇಳಿದರು.

ಗೋಪಾಲಕೃಷ್ಣ ಮಾತ್ರ ಊಟ ಮಾಡುತ್ತ ಮಗನನ್ನು ದಿಟ್ಟಿಸಿದರು.

"ಎಷ್ಟು ಬಂತೋ ಎಲ್ಲರಿಗೂ?"

"ಆಲ್‌ಮೋಸ್ಟ್ ಎಲ್ಲ ನಾರ್ಮಲ್, ಅಪ್ಪ."

"ಎಲ್ಲ ತಿಂಗಳೂ ಒಂದೇ ಲಾಭ ತೋರಿಸೋ ಕಂಪನಿನ ನಾನು ಎರಡು ಸಲ ನೋಡ್ತೀನಿ," ಎಂದು ಅವರು ಸಾರು ಬಡಿಸಿಕೊಂಡರು.

ಚಂದನ್ ಅನ್ನ ಕಲಸುತ್ತ ಯೋಚಿಸಿದ. ಅಪ್ಪ ಹೇಳಿದ್ದು ತಪ್ಪಲ್ಲ. ತಾನು ಕೇಳಿದ್ದನ್ನೇ ಹೇಳುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಆದರೆ ಅವನು ಕೇಳಿದ್ದು ಯಾಕೆ ಹಾಗೆ ಕೇಳುತ್ತಿತ್ತು ಎಂಬುದು ಮಾತ್ರ ಅವನಿಗೇ ತಿಳಿಯದು.

ಅಪ್ಪ ಎರಡು ಸಲ ನೋಡುವ ಮುಂಚೆ ಡಾಕ್ಟರು ಒಂದು ಸಲ ನೋಡಿಬಿಟ್ಟರು. ಮೂರನೇ ಶುಕ್ರವಾರ ಶರ್ಫುದ್ದೀನ್ ಪ್ರೇರಣಾ ಅವರ ಕೋಣೆಗೆ ಹೋಗಿ, ಮಗಳ ಮದುವೆ ಗೊತ್ತಾದ ಖುಷಿಯಲ್ಲಿ ಹೇಳುವ ಹಾಗೆ ಹೇಳಿದ.

"ಡಾಕ್ಟ್ರೇ, ಇನ್ನು ಗುಳಿಗೆ ಖಲಾಸ್. ಆ ಹುಡುಗನ ಕೈ ತಾಗಿದ ಮೇಲೆ ಗುಳಿಗೆ ಎಂತಕ್ಕೆ?"

ಪ್ರೇರಣಾ ಪೆನ್ನು ಕೆಳಗಿಟ್ಟರು. "ಶರ್ಫುದ್ದೀನ್ ಅವರೇ, ಗುಳಿಗೆ ನಿಲ್ಲಿಸಿದ್ರೆ ನಿಮಗೆ ಲಕ್ವಾ ಹೊಡೆಯುತ್ತೆ. ಆಮೇಲೆ ಕೈಗುಣ ಇರ್ಲಿ, ಕೈಯೇ ಇರಲ್ಲ."

"ಆಯ್ತಾಯ್ತು ಡಾಕ್ಟ್ರೇ, ತಕ್ಕೊಳ್ತೇನೆ," ಎಂದು ಅವನು ಗಾಬರಿಯಲ್ಲಿ ಹಿಂದೆ ಸರಿದ.

ಪ್ರೇರಣಾ ಹೊರಗೆ ಬಂದು ಚಂದನನ ಮೇಜಿನ ಹಿಂದೆ ಸದ್ದಿಲ್ಲದೆ ನಿಂತರು. ಅದೇ ಗಳಿಗೆಯಲ್ಲಿ ಚಂದನ್, ಸ್ಟೆತಾಸ್ಕೋಪನ್ನು ಕುತ್ತಿಗೆಯಲ್ಲೇ ಬಿಟ್ಟು, ಬಹಳ ಗಂಭೀರವಾಗಿ ಉಂಡೆ ಹಿಸುಕುತ್ತ ಮುಳ್ಳನ್ನು ನೋಡುತ್ತಿದ್ದ. ಹೀಗಾದಾಗಲೆಲ್ಲ ಅವನು ಮತ್ತೆ ಮೊದಲಿಂದ ಮಾಡುತ್ತಿದ್ದ ಎಂಬುದು ಅವನಿಗೆ ಗೊತ್ತು, ಕೂತವನಿಗೆ ಗೊತ್ತು. ನೋಡಿದ ಡಾಕ್ಟರಿಗೆ ಗೊತ್ತಾಗುವುದು ಹೇಗೆ?

ಕ್ಲಿನಿಕ್ ಮುಗಿದ ಮೇಲೆ ಅವನನ್ನು ಒಳಗೆ ಕರೆದರು.

"ನೂರ ಇಪ್ಪತ್ತೆಂಟು, ನೂರ ಇಪ್ಪತ್ತಾರು, ನೂರ ಮೂವತ್ತು. ಇದೇನಪ್ಪಾ, ಬಿಪಿನಾ, ಬಸ್ ನಂಬರಾ?"

"ಮೇಡಂ, ನಾನು ಕೇಳಿದ್ದನ್ನೇ..."

"ಯಾವ ಕಿವಿಯಲ್ಲಿ ಕೇಳಿದೆ? ನಿನ್ನ ಸ್ಟೆತ್ ಕುತ್ತಿಗೆಯಲ್ಲಿತ್ತು. ನಾನೇ ನೋಡಿದೆ."

ಚಂದನನ ಕೈ ಕುತ್ತಿಗೆಯ ಸ್ಟೆತಾಸ್ಕೋಪಿಗೆ ಹೋಯಿತು.

"ಜನ ಹೊಗಳ್ತಾರೆ ಅಂತ ನಂಬರ್ ಇಳಿಸಿ ಹೇಳೋನು ಯಾವತ್ತೂ ಡಾಕ್ಟರ್ ಆಗಬಾರದು. ಮುಂದಿನ ಶುಕ್ರವಾರ ಎಲ್ಲರೆದುರಿಗೆ ನೀನು ನೋಡು, ನಿನ್ನ ಹಿಂದೆ ನಾನು ನೋಡ್ತೀನಿ. ಒಂದು ಸುಳ್ಳು ಸಿಕ್ಕಿದ್ರೂ ಈ ಮೆಟ್ಟಿಲು ಹತ್ತಬೇಡ. ನಿನ್ನ ಕಾಲೇಜಿನ ಡೀನ್ ನನಗೆ ಗೊತ್ತು, ಅವರಿಗೂ ನಾನೇ ಹೇಳ್ತೀನಿ."

ಹೊರಗೆ ಜೋಸ್ಲಿನ್ ಮುಖ ಉಬ್ಬಿಸಿಕೊಂಡು ಕುರ್ಚಿ ಜೋಡಿಸುತ್ತಿದ್ದರು. "ಅಳುದೆಂತಕ್ಕೆ ಈಗ? ಕೇಳಿದ್ದು ಕೇಳಿದ ಹಾಗೆ ಹೇಳಿದ್ದಾ ನೀನು?"

"ಹೌದು ಸಿಸ್ಟರ್. ಪ್ರಾಮಿಸ್."

"ಹಾಗಾದ್ರೆ ಮುಂದಿನ ವಾರವೂ ಅದೇ ಹೇಳು. ಬೇರೆ ಎಂತ ಹೇಳ್ಲಿಕ್ಕೆ ಹೋಗ್ಬೇಡ."

ಸುಳ್ಳು ಹೇಳುವುದಿಲ್ಲ ಎಂಬ ನಿರ್ಧಾರ ಸುಲಭ. ಪಟ್ಟಿ ಕಟ್ಟುವುದನ್ನು ಕಲಿಯುವುದು ಕಷ್ಟ. ಆ ವಾರ ಚಂದನ್ ಮನೆಯಲ್ಲಿ ಸಿಕ್ಕಿದ್ದಕ್ಕೆಲ್ಲ ಟವೆಲ್ ಸುತ್ತಿ ಅಭ್ಯಾಸ ಮಾಡಿದ. ಸೋಫಾದ ಕೈ, ಮೇಜಿನ ಕಾಲು, ಸೋರೆಕಾಯಿ. ಟಿವಿ ನೋಡುತ್ತ ಕೂತಿದ್ದ ಅಜ್ಜಿಯ ತೋಳನ್ನು ಹಿಡಿದಾಗ, "ನಂಗ್ಯಾಕೋ, ನಾನು ಗಟ್ಟಿಯಾಗಿದ್ದೀನಿ. ಅವತ್ತಿಗೆ ಶಕ್ತಿ ಉಳಿಸ್ಕೋ," ಎಂದು ಅವರು ಕೈ ಕೊಡವಿದರು.

ಸುದ್ದಿ ಮಸ್ಕತ್ತಿನಲ್ಲೆಲ್ಲ ಹರಡಿತು. ಹರಡುವಾಗ ಸ್ವಲ್ಪ ಬದಲಾಯಿತು. ದೊಡ್ಡ ಡಾಕ್ಟರು ಹುಡುಗನ ಕೈಗುಣವನ್ನು ಪರೀಕ್ಷೆ ಮಾಡುತ್ತಾರಂತೆ ಎಂದಾಯಿತು. ಶುಕ್ರವಾರ ಬೆಳಿಗ್ಗೆ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರೋಗವಿಲ್ಲದವರೂ ಬಂದಿದ್ದರು. ಗೋಪಾಲಕೃಷ್ಣ ಕೊನೆಯ ಸಾಲಿನಲ್ಲಿ ಕೈಕಟ್ಟಿ ನಿಂತರು, ಸುಶೀಲಮ್ಮ ಮೊದಲ ಸಾಲಿನಲ್ಲಿ ಕೂತರು. ಶರ್ಫುದ್ದೀನ್ ದೂರದ ಊರಾದ ಸೂರ್‌ನಲ್ಲಿ ಮಗಳ ಮನೆಯಲ್ಲಿದ್ದ ತನ್ನ ತಾಯಿ ಅವ್ವಮ್ಮನನ್ನು ಕಾರು ಕಳಿಸಿ ಕರೆಸಿಕೊಂಡಿದ್ದ. ಬಾದುಶಾ ಹಾಜಿ ಮೈಕು ಹಿಡಿದರು.

"ಮಾನ್ಯರೇ, ಇಂದು ನಮ್ಮ ಸಂಘದ ಇತಿಹಾಸದಲ್ಲಿ..."

"ಹಾಜಿಯವರೇ, ಇದು ಕ್ಲಿನಿಕ್," ಎಂದರು ಪ್ರೇರಣಾ. ಹಾಜಿಯವರು ಇತಿಹಾಸವನ್ನು ಅಲ್ಲಿಗೇ ನಿಲ್ಲಿಸಿದರು.

ಕ್ರಮ ಹೀಗೆ: ಬಂದವರನ್ನು ಮೊದಲು ಜೋಸ್ಲಿನ್ ನೋಡುವುದು, ಆಮೇಲೆ ಚಂದನ್, ಅವನ ಬೆನ್ನಿಗೇ ಡಾಕ್ಟರು. ಮೊದಲನೆಯವರಿಗೆ ಜೋಸ್ಲಿನ್ ನೂರ ಐವತ್ತೆರಡು ಎಂದರು. ಸೋರೆಕಾಯಿಗೆ ಕಟ್ಟಿದ್ದೆಲ್ಲ ಮನುಷ್ಯನ ತೋಳು ಕಂಡೊಡನೆ ಚಂದನನಿಗೆ ಮರೆತುಹೋಯಿತು. ಕಟ್ಟಿದ, ಕಿತ್ತ, ಸಾರಿ ಎಂದ, ಮತ್ತೆ ಕಟ್ಟಿದ. ಮುಂದೆ ಕೂತವರು ಆಕಳಿಸಿದರು. "ನೂರ ಮೂವತ್ತು," ಎಂದ. ಪ್ರೇರಣಾ ತಕ್ಷಣ ನೋಡಿದರು. ನೂರ ಇಪ್ಪತ್ತೆಂಟು.

ಹಾಲಿನಲ್ಲಿ ಗುಸುಗುಸು ಎದ್ದಿತು. ಎರಡನೆಯವರಿಗೂ ಹಾಗೇ ಆಯಿತು. ಮೂರನೆಯವರಿಗೂ. ಡಾಕ್ಟರ ಹುಬ್ಬು ಸ್ವಲ್ಪ ಮೇಲೇರಿ ಅಲ್ಲೇ ನಿಂತಿತು. ಜೋಸ್ಲಿನ್ ತಮ್ಮ ಯಂತ್ರವನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡಿದರು.

"ಡಾಕ್ಟ್ರ ಕೈಯನ್ನೂ ಹುಡುಗನ ಕೈಗುಣ ತನ್ನ ದಾರಿಗೆ ತಂತು ನೋಡಿ," ಎಂದು ಯಾರೋ ಹಿಂದಿನಿಂದ ಹೇಳಿದರು.

"ಈಗ ನನ್ನದು," ಎಂದು ಶರ್ಫುದ್ದೀನ್ ಮದುಮಗನ ಹಾಗೆ ಮುಂದೆ ಬಂದ. ಕೈಗುಣದ ಮೊದಲ ಸಾಕ್ಷಿ ಅವನೇ ಅಲ್ಲವೇ. ಜೋಸ್ಲಿನ್ ಮೇಜಿನಲ್ಲಿ ನೂರ ಎಂಬತ್ನಾಲ್ಕು ಬಂತು. "ಬರ್ಲಿ ಬರ್ಲಿ," ಎಂದು ನಗುತ್ತ ಅವನು ಚಂದನನ ಮುಂದೆ ಕೂತು ತೋಳು ಚಾಚಿದ.

ಚಂದನ್ ಕಟ್ಟಿದ, ಬಿಚ್ಚಿದ, ಕಟ್ಟಿದ. ತಿರುಪು, ಉಂಡೆ, ಕಿವಿ ಎಲ್ಲ ಆಯಿತು. ಮುಳ್ಳು ಏರಿತು. ಇಳಿಯತೊಡಗಿದ ಕೂಡಲೇ ಸದ್ದು ಶುರುವಾಯಿತು. ಇಷ್ಟು ಬೇಗ ಶುರುವಾಗಬಾರದಿತ್ತು.

"ಒನ್ ಮೋರ್ ಟೈಮ್ ಅಂಕಲ್."

ಪುನಃ ಕಟ್ಟಿದ. ಅದೇ ಸದ್ದು, ಅದೇ ಜಾಗ. ಮೂರನೇ ಸಲ ಒಂದು ತಪ್ಪೂ ಆಗದ ಹಾಗೆ ಕಟ್ಟಿದ. ನಡುಗುವುದನ್ನು ಕೈ ಮರೆತಿತ್ತು. ಅದೇ ಸದ್ದು, ಅದೇ ಜಾಗ.

ಶರ್ಫುದ್ದೀನನಿಗೆ ಹುಡುಗನ ಮುಖ ನೋಡಿಯೇ ವಿಷಯ ತಿಳಿಯಿತು. ಮುಂದಕ್ಕೆ ಬಾಗಿ ಪಿಸುಗುಟ್ಟಿದ. "ನೂರ ಇಪ್ಪತ್ತೆಂಟು ಹೇಳಿಬಿಡು ಮಾರಾಯಾ. ಅಮ್ಮ ಸೂರ್‌ನಿಂದ ಬಂದಿದ್ದಾಳೆ. ಮರ್ಯಾದೆ ಪ್ರಶ್ನೆ. ನನ್ನದೂ ನಿನ್ನದೂ."

ಚಂದನ್ ತಲೆಯೆತ್ತಿದ. ಅಜ್ಜಿ ಮೊದಲ ಸಾಲಿನಿಂದ ಎರಡೂ ಕೈಯೆತ್ತಿ ಆಶೀರ್ವಾದದ ಭಂಗಿಯಲ್ಲಿದ್ದರು. ಹಾಜಿಯವರು ಮೈಕನ್ನು ಮತ್ತೆ ಹತ್ತಿರ ತಂದಿದ್ದರು. ಹಾಲಿಗೆ ಹಾಲೇ ಉಸಿರು ಹಿಡಿದು ಒಂದೇ ಅಂಕಿಗೆ ಕಾಯುತ್ತಿತ್ತು. ಆ ಅಂಕಿ ಹೇಳಿದರೆ ಚಂದನ್ ಈ ಊರಿನ ದೇವರು, ಡಾಕ್ಟರು ಪಟ್ಟಿ ಕಟ್ಟುವ ತನಕ. ಹೇಳದಿದ್ದರೆ ದೇವರೂ ಅಲ್ಲ, ಏನೂ ಅಲ್ಲ, ಲೋಟ ಬೀಳಿಸುವ ಹುಡುಗ. ಮತ್ತು ಎದುರಿಗೆ ಕೂತಿದ್ದ ಮನುಷ್ಯ ನಗುತ್ತಿದ್ದರೂ ಅವನ ಕಣ್ಣಿನ ಬಿಳಿ ಕೆಂಪಾಗಿತ್ತು.

"ನೂರ ಎಂಬತ್ತು," ಎಂದ ಚಂದನ್. ಮೈಕು ಹತ್ತಿರವಿದ್ದದ್ದರಿಂದ ಅದು ಮೆಟ್ಟಿಲಲ್ಲಿ ನಿಂತವರಿಗೂ ಕೇಳಿತು.

ಸುಶೀಲಮ್ಮನವರ ಕೈಗಳು ಮೇಲೆಯೇ ಉಳಿದವು.

"ಇನ್ನೊಂದ್ಸಲ ಕಟ್ಟಪ್ಪಾ," ಎಂದರು ಹಾಜಿಯವರು.

"ಮೂರು ಸಲ ಕಟ್ಟಿದೆ ಸರ್. ಇಳೀತಿಲ್ಲ. ನಾನು ಇಳಿಸಿ ಹೇಳಲ್ಲ." ಆಮೇಲೆ ಶರ್ಫುದ್ದೀನನ ಕಡೆ ತಿರುಗಿ, ಮೈಕನ್ನು ಪೂರ್ತಿ ಮರೆತು, ಕೇಳಿದ. "ಅಂಕಲ್, ನೀವು ಗುಳಿಗೆ ಬಿಟ್ಟಿದ್ದೀರಾ?"

ಶರ್ಫುದ್ದೀನ್ ಕುರ್ಚಿಯಿಂದ ಅರ್ಧ ಎದ್ದ. ಡಾಕ್ಟರಿಗೆ ಹೆದರಿ ಆಯಿತು ಎಂದವನು, ಮನೆಗೆ ಹೋಗಿ ಒಂದೂ ನುಂಗಿರಲಿಲ್ಲ. ಇದು ಹೆಂಡತಿಗೆ ಗೊತ್ತಿರಲಿಲ್ಲ, ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಇವನಿಗೆ... ಇವನಿಗೆ ಹೇಗೆ ಗೊತ್ತಾಯ್ತು?" ಎಂದುಬಿಟ್ಟ. ಅದೂ ಮೈಕಿನಲ್ಲಿ ಹೋಯಿತು.

ಹೆಂಗಸರ ಸಾಲಿನಿಂದ ಅವ್ವಮ್ಮ ಎದ್ದರು. ಗಿಡ್ಡ ಹೆಂಗಸು, ಕೈಯಲ್ಲಿ ದೊಡ್ಡ ಚೀಲ. ಜನ ತಾವಾಗಿಯೇ ದಾರಿ ಬಿಟ್ಟರು.

"ಗುಳಿಗೆ ಬಿಟ್ಟದ್ದಾ ನೀನು?"

"ಅಮ್ಮಾ, ಅದು ಎಂತ ಅಂದ್ರೆ..."

"ನಿನ್ನ ಬಾಪ ಹೋದದ್ದು ಹೇಗೆ ಅಂತ ಮರ್ತುಹೋಯ್ತಾ? ಅವರೂ ಹೀಗೇ, ನನಗೆ ಎಂತ ಆಗುದಿಲ್ಲ, ನನಗೆ ಎಂತ ಆಗುದಿಲ್ಲ." ಅವ್ವಮ್ಮ ಚೀಲ ಎತ್ತಿ ಮಗನ ಬೆನ್ನಿಗೆ ಒಂದು ಕೊಟ್ಟರು. ಐವತ್ತು ದಾಟಿದ ಸಾಹುಕಾರ, ಪಟ್ಟಿ ಕಟ್ಟಿದ ತೋಳಿನಿಂದಲೇ ತಲೆ ಕಾಪಾಡಿಕೊಂಡ. "ಸಿಸ್ಟರೇ, ನೀರು ಕೊಡಿ. ಇವ ನನ್ನ ಎದುರು ನುಂಗಲಿ."

"ಅಜ್ಜಿ, ಸ್ವಲ್ಪ ತಡೀರಿ, ಮೊ‌ದಲು ನಾನು ನೋಡ್ತೀನಿ," ಎಂದು ಪ್ರೇರಣಾ ಚೀಲವನ್ನು ಪಕ್ಕಕ್ಕೆ ಸರಿಸಿ, ಶರ್ಫುದ್ದೀನನ ಇನ್ನೊಂದು ತೋಳಿಗೆ ಪಟ್ಟಿ ಸುತ್ತಿದರು. ಅವರು ಮೆಲ್ಲಗೆ ಗಾಳಿ ಬಿಟ್ಟು, ಕಿವಿಯಿಂದ ಸ್ಟೆತಾಸ್ಕೋಪು ತೆಗೆದರು.

"ನೂರ ಎಂಬತ್ತೆರಡು. ಎರಡು ನನ್ನದಲ್ಲ, ಆ ಚೀಲದ್ದು." ಅವರು ಚಂದನನ ಕಡೆ ನೋಡಿದರು. "ನೀನು ಸುಳ್ಳು ಹೇಳಿಲ್ಲ. ಯಾವತ್ತೂ ಹೇಳಿಲ್ಲ. ನಾನು ತಪ್ಪು ತಿಳ್ಕೊಂಡೆ. ನೀನು ಇಲ್ಲೇ ಇರ್ತೀಯ."

ಕೊನೆಯ ಸಾಲಿನಲ್ಲಿ ಗೋಪಾಲಕೃಷ್ಣ ಕಟ್ಟಿದ್ದ ಕೈ ಬಿಚ್ಚಿದರು. ಪಕ್ಕದಲ್ಲಿದ್ದ ಗುರುತಿಲ್ಲದವರ ಕಿವಿಯಲ್ಲಿ, "ನನ್ನ ಮಗ," ಎಂದರು. ಆ ಮನುಷ್ಯ ಕೇಳಿರಲಿಲ್ಲ.

"ಹಾಗಾದ್ರೆ ಕೈಗುಣ ಇದ್ಯೋ ಇಲ್ವೋ?" ಎಂದು ಹಾಜಿಯವರು ಮೈಕಿನಲ್ಲೇ ಕೇಳಿದರು. ಸಭೆಗೆ ಒಂದು ನಿರ್ಣಯ ಬೇಕಾಗಿತ್ತು.

ಪ್ರೇರಣಾ ತಮ್ಮ ಹುಬ್ಬನ್ನು ಕೊನೆಗೂ ಕೆಳಗಿಳಿಸಿದರು. "ಮೂರು ಮಹಡಿ ಹತ್ತಿದವನ ಬಿಪಿನ ಕೂಡ್ಲೇ ನೋಡಿದ್ರೆ ಏರಿರುತ್ತೆ. ಸುಮ್ನೆ ಕೂರಿಸಿ, ಆಮೇಲೆ ನೋಡ್ಬೇಕು. ಪುಸ್ತಕದಲ್ಲೂ ಹಾಗೇ ಇದೆ. ಇವನಿಗೆ ಪಟ್ಟಿ ಕಟ್ಟೋಕೆ ಬರಲ್ಲ. ಕಟ್ಟೋ ಅಷ್ಟರಲ್ಲಿ ಅವರೆಲ್ಲ ಸುಧಾರಿಸ್ಕೊಂಡಿರ್ತಾರೆ. ಅಷ್ಟೇ."

"ಅಯ್ಯೋ, ಅದು ನನಗೆ ಗೊತ್ತಿಲ್ವಾ ಡಾಕ್ಟ್ರೇ?" ಎಂದರು ಜೋಸ್ಲಿನ್. "ಕೂರಿಸ್ಲಿಕ್ಕೆ ಕುರ್ಚಿ ಎಲ್ಲುಂಟು, ಟೈಮ್ ಎಲ್ಲುಂಟು? ನೀವೇ ಒಳಗಿಂದ ಬೇಗ ಬೇಗ ಅಂತೀರಿ. ಇವನದ್ದು ಕೈಗುಣ ಅಲ್ಲ ಮಾರಾಯ್ರೇ, ಕೈಲಾಗದ ಗುಣ."

ಡಾಕ್ಟರು ಮೊದಲ ಸಲ ಶುಕ್ರವಾರದ ದಿನ ನಕ್ಕರು. ಅಲ್ಲೇ ನಿಂತು ಅಪ್ಪಣೆಯನ್ನೂ ಮಾಡಿದರು. ಇನ್ನು ಮೇಲೆ ಯಾರೇ ಬರಲಿ, ಮೊದಲು ಸುಮ್ಮನೆ ಕೂರಬೇಕು. ಎಷ್ಟು ಹೊತ್ತು ಎಂದು ಜೋಸ್ಲಿನ್ ಕೇಳಿದಾಗ, "ಚಂದನ್ ಒಂದು ಸಲ ಪಟ್ಟಿ ಕಟ್ಟೋ ಅಷ್ಟು ಹೊತ್ತು," ಎಂದರು. ಹಾಜಿಯವರು ಅಷ್ಟೂ ಕುರ್ಚಿಗಳನ್ನು ತಮ್ಮ ಲೆಕ್ಕದಲ್ಲಿ ಕೊಡಿಸುತ್ತೇನೆಂದು ಮೈಕಿನಲ್ಲಿ ಘೋಷಿಸಿದರು. ಬಹಳ ದಿನಗಳ ಮೇಲೆ ಅವರ ಮಾತಿಗೆ ಚಪ್ಪಾಳೆ ಬಿತ್ತು.

ವಿಜ್ಞಾನ ಇಷ್ಟು ಸ್ಪಷ್ಟವಾಗಿ ಮಾತಾಡಿದ ಮೇಲೆ ಜನರ ಮೂಢನಂಬಿಕೆ ಕಳಚಿ ಬಿದ್ದಿರಬೇಕು ಎಂದು ನೀವು ತಿಳಿದರೆ, ನಮ್ಮವರ ಪರಿಚಯ ನಿಮಗೆ ಸಾಲದು.

"ಕೇಳಿದ್ರಾ?" ಎಂದು ಸಾಲಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು. "ಬರೀ ಇಳಿಸುದಲ್ಲ. ಗುಳಿಗೆ ಬಿಟ್ಟವನ ತೋಳು ಹಿಡಿದ್ರೆ ಸಾಕು, ಕೈಗೆ ಗೊತ್ತಾಗ್ತದೆ."

"ಹೆಂಡತಿಗೆ ಗೊತ್ತಿಲ್ಲದ್ದು ಗೊತ್ತಾಯ್ತು ಅಂದ್ರೆ ನೋಡಿ."

ಇದನ್ನು ಕೇಳಿ ಸಾಲಿನಿಂದ ನಾಲ್ಕೈದು ಗಂಡಸರು ಏನೋ ನೆನಪಾದವರಂತೆ ಮೆಲ್ಲಗೆ ಮೆಟ್ಟಿಲಿಳಿದು ಮನೆಗೆ ಹೋದರು, ನುಂಗಬೇಕಾದ್ದನ್ನು ನುಂಗಿ ಬಂದರು. ಆ ವಾರ ದಾರ್ಸೈಟ್, ರೂವಿ, ಬೌಷರುಗಳಲ್ಲಿ ನುಂಗಲ್ಪಟ್ಟಷ್ಟು ಬಿಪಿ ಗುಳಿಗೆ ಅದುವರೆಗೆ ಯಾವ ಡಾಕ್ಟರ ಉಪದೇಶದಿಂದಲೂ ನುಂಗಲ್ಪಟ್ಟಿರಲಿಲ್ಲ. ಶರ್ಫುದ್ದೀನನ ಮಟ್ಟಿಗೆ, ಡಾಕ್ಟರು ಬರೆದುಕೊಟ್ಟದ್ದನ್ನು ಅವನು ಅಲ್ಲೇ, ಎಲ್ಲರೆದುರಿಗೆ, ಜೋಸ್ಲಿನ್ ಕೊಟ್ಟ ನೀರಿನಲ್ಲಿ ನುಂಗಿ, ಬಾಯಿ ತೆರೆದು ತಾಯಿಗೆ ನಾಲಿಗೆ ತೋರಿಸಿದ.

ಮಗನ ನಾಲಿಗೆ ಪರಿಶೀಲಿಸಿದ ಅವ್ವಮ್ಮ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಚಂದನನ ಮುಂದೆ ಕೂತು ತೋಳು ಚಾಚಿದರು. "ಇದ್ದದ್ದು ಇದ್ದ ಹಾಗೆ ಹೇಳು ಮೋನೇ."

ಚಂದನ್ ಪಟ್ಟಿ ಎತ್ತಿದ. ಗೆಲುವು ಮನುಷ್ಯನನ್ನು ಏನೇನೋ ಮಾಡಿಬಿಡುತ್ತದೆ. ಒಂದೇ ಏಟಿಗೆ, ಒಂದೇ ಸುತ್ತಿಗೆ, ನಳಿಗೆ ಸರಿಯಾದ ಕಡೆ, ತಿರುಪು ಬಿಗಿಯಾಗಿ, ಸ್ಟೆತಾಸ್ಕೋಪು ಕಿವಿಯಲ್ಲಿ, ಪಟ್ಟಿ ಕೂತುಬಿಟ್ಟಿತು. ಜೋಸ್ಲಿನ್ ಕೂಡ ಅದಕ್ಕಿಂತ ಚೆನ್ನಾಗಿ ಕಟ್ಟಲಾರರು. ಚಂದನ್ ತನ್ನ ಕೈಯನ್ನೇ ನಂಬಲಾರದೆ ನೋಡಿದ.

ಅವ್ವಮ್ಮ ತೋಳನ್ನು ಹಿಂದಕ್ಕೆಳೆದುಕೊಂಡರು.

"ಇದೆಂತ ಹೀಗೆ ಕಟ್ಟುದು?"

"ಸರಿಯಾಗೇ ಇದೆ ಅಜ್ಜಿ."

"ಎಂತ ಸರಿ? ಅವರಿಗೆಲ್ಲ ಹೀಗೆ ಕಟ್ಟಿದ್ದಾ ನೀನು? ನಾನು ಸೂರ್‌ನಿಂದ ಬಂದದ್ದು ಇದಕ್ಕಾ?"

"ಹೌದು ಹೌದು, ಮೋಸ ಮಾಡಬಾರದು," ಎಂದು ಹಿಂದಿನ ಸಾಲು ದನಿಗೂಡಿಸಿತು. "ವಯಸ್ಸಾದವರು."

ಚಂದನ್ ದಿಕ್ಕು ತೋಚದೆ ಡಾಕ್ಟರ ಕಡೆ ನೋಡಿದ. ಪ್ರೇರಣಾ ಅವ್ವಮ್ಮನ ಏರಿಳಿಯುವ ಎದೆ ನೋಡಿದರು, ಮಗನಿಗೆ ಬೀಸಿದ ಆ ಚೀಲದ ಕಡೆ ನೋಡಿದರು, ಆಮೇಲೆ ಬಹಳ ಗಂಭೀರವಾಗಿ ತಲೆಯಾಡಿಸಿದರು.

ಚಂದನ್ ಚರ್ರೆಂದು ಪಟ್ಟಿ ಕಿತ್ತ. "ಸಾರಿ ಅಜ್ಜಿ, ಒನ್ ಮಿನಿಟ್," ಎಂದ. ನಳಿಗೆಯನ್ನು ಕಂಕುಳ ಕಡೆಗೆ ತಿರುಗಿಸಿ, ಇಲ್ಲಿಯವರೆಗೆ ಕಲಿತದ್ದನ್ನೆಲ್ಲ ಬಳಸಿ, ಅದನ್ನು ತಲೆಕೆಳಗಾಗಿ ಕಟ್ಟತೊಡಗಿದ.

"ಹಾಂ, ಈಗ ಸರಿ," ಎಂದು ಅವ್ವಮ್ಮ ಕುರ್ಚಿಗೊರಗಿ ಕಣ್ಣು ಮುಚ್ಚಿದರು.